ಮಿದುಳನ್ನು ಓದಹೊರಟವರ ಮೊದಲ ಗ್ರಂಥ

ನ್ಯೂರೋಸೈನ್ಸ್: ಎಕ್ಸ್‌ಪ್ಲೋರಿಂಗ್ ದಿ ಬ್ರೇನ್ (ನಾಲ್ಕನೆಯ ಆವೃತ್ತಿ)
ಲೇಖಕರು: ಮಾರ್ಕ್ ಬೇರ್, ಬ್ಯಾರಿ ಕಾನರ್ಸ್, ಮೈಕಲ್ ಪ್ಯಾರಡಿಸೊ

"ಮಗಳು ನ್ಯೂರೋಸೈನ್ಸ್ ಓದುತ್ತೇನೆ ಅಂತಾಳೆ. ಹಾಗಂದರೆ ಡಾಕ್ಟರಾಗುವುದೋ, ಅಲ್ಲವೋ?"

ಹನ್ನೆರಡನೆಯ ತರಗತಿಯ ಫಲಿತಾಂಶ ಬಂದ ದಿನಗಳಲ್ಲಿ ಮುಂಬಯಿಯ ನಮ್ಮ ಕನ್ನಡ ಮನೆಗಳಲ್ಲಿ ಈಚೆಗೆ ಕೇಳಿಬರುತ್ತಿರುವ ಪ್ರಶ್ನೆ ಇದು. ಅಲ್ಲ ಎಂಬುದೇ ಇದಕ್ಕೆ ಉತ್ತರ. ನರರೋಗ ತಜ್ಞನಾಗಲು ಮೊದಲು ವೈದ್ಯನಾಗಬೇಕು. ನರವಿಜ್ಞಾನವಾದರೋ ಭೌತಶಾಸ್ತ್ರ, ರಸಾಯನಶಾಸ್ತ್ರಗಳಂತೆ ಒಂದು ವಿಜ್ಞಾನ. ಹೆಸರೂ ಹಳೆಯದಲ್ಲ, ಅಮೆರಿಕದಲ್ಲಿ ಈ ಶಾಸ್ತ್ರದವರ ಸಂಘ ಹುಟ್ಟಿದ್ದೇ 1969ರಲ್ಲಿ. ಅಲ್ಲಿನ ಅನೇಕ ಕಾಲೇಜುಗಳಲ್ಲಿ ಇಂದು ಇದು ಪದವಿಯ ವಿಷಯ. ನಮ್ಮಲ್ಲಿ ಈ ಹೆಸರಿನ ಪದವಿ ವಿರಳ. ಬಿ.ಎಸ್‌ಸಿ.ಯನ್ನು ಬೇರೊಂದು ವಿಜ್ಞಾನದಲ್ಲಿ ಮುಗಿಸಿ, ಬಳಿಕ ಬೆಂಗಳೂರಿನ ನಿಮ್ಹಾನ್ಸ್, ಭಾರತೀಯ ವಿಜ್ಞಾನ ಸಂಸ್ಥೆ, ಮಾನೇಸರದ ರಾಷ್ಟ್ರೀಯ ಮಿದುಳು ಸಂಶೋಧನಾ ಕೇಂದ್ರ ಇಂಥ ಕಡೆ ಹೋಗುವುದೇ ರೂಢಿ. ಆದ್ದರಿಂದ ಮಗು ಏನನ್ನು ಬಯಸುತ್ತಿದೆ ಎಂದು ತಿಳಿಯಲು ಕಾಲೇಜಿನ ವಿವರಣಾಪತ್ರಿಕೆಗಿಂತ, ಆ ಪದವಿಯ ಮೊದಲ ವರ್ಷದಲ್ಲಿ ಓದಿಸುವ ಗ್ರಂಥವನ್ನೇ ತೆರೆದು ನೋಡುವುದು ಮೇಲು. ನಾನು ಮಾಡಿದ್ದು ಅದನ್ನೇ.

ಬ್ರೌನ್ ವಿಶ್ವವಿದ್ಯಾಲಯದ ಪ್ರಾರಂಭಿಕ ತರಗತಿಯೊಂದರ ಪಾಠಗಳಿಂದ ಬೆಳೆದ ಪುಸ್ತಕ ಇದು. ಮೊದಲ ಆವೃತ್ತಿ 1990ರ ದಶಕದ ನಡುವಿನದು. ಒಂಬೈನೂರು ಪುಟ ಮೀರಿದ ಗಾತ್ರ, 25 ಅಧ್ಯಾಯ, ಪುಟಪುಟಕ್ಕೂ ಬಣ್ಣದ ಚಿತ್ರ. ಕೈಗೆತ್ತಿಕೊಂಡಾಗ ಎದೆ ಧಸಕ್ಕೆನ್ನುವುದು ಸಹಜ. ಓದತೊಡಗಿದರೆ ಮಾತ್ರ ಭಾಷೆ ಸರಳ, ಸ್ನೇಹಮಯ. ಮೇಷ್ಟ್ರು ಎದುರಿಗೆ ಕುಳಿತು ಹೇಳಿದಂತಿದೆ.

ಅಧ್ಯಾಯಗಳ ಕ್ರಮದಲ್ಲಿಯೇ ಲೇಖಕರ ಪ್ರಾಮಾಣಿಕತೆ ಕಾಣುತ್ತದೆ. ನಿದ್ರೆ ಬರುವುದು 19ನೆಯ ಅಧ್ಯಾಯದಲ್ಲಿ, ನೆನಪು 24ರಲ್ಲಿ. ಕನಸು, ಪ್ರೀತಿ, ಭಯಗಳ ರಹಸ್ಯವನ್ನರಸಿ ಬಂದ ವಿದ್ಯಾರ್ಥಿಗೆ ಮೂರು ಮತ್ತು ನಾಲ್ಕನೆಯ ಅಧ್ಯಾಯಗಳಲ್ಲಿ ಸಿಗುವುದು ಉಪ್ಪು, ನೀರು, ವಿದ್ಯುತ್ತು. ನರಕೋಶದ ಒಳಗೆ ಪೊಟಾಸಿಯಂ ಹೊರಗಿಗಿಂತ ಸುಮಾರು 20 ಪಟ್ಟು ಹೆಚ್ಚು. ಸೋಡಿಯಂ ಹೊರಗೆ 10 ಪಟ್ಟು ಹೆಚ್ಚು. ಸುಮ್ಮನಿರುವಾಗ ಕೋಶದ ಪೊರೆ ಪೊಟಾಸಿಯಂಗೇ ಹೆಚ್ಚಾಗಿ ದಾರಿ ಬಿಡುತ್ತದೆ. ಅದು ಒಂದಿಷ್ಟು ಹೊರಕ್ಕೆ ಸೋರಿ, ಒಳಭಾಗ ಹೊರಗಿಗಿಂತ ಸುಮಾರು 65 ಮಿಲಿವೋಲ್ಟ್‌ನಷ್ಟು ಋಣವಾಗಿ ನಿಲ್ಲುತ್ತದೆ. ಪ್ರಚೋದನೆ ಬಂದಾಗ ಸೋಡಿಯಂ ದ್ವಾರಗಳು ಫಕ್ಕನೆ ತೆರೆಯುತ್ತವೆ. ಸೋಡಿಯಂ ಒಳನುಗ್ಗಿ, ಸೆಕೆಂಡಿನ ಸಾವಿರದ ಒಂದು ಪಾಲಿನಷ್ಟು ಹೊತ್ತಿನಲ್ಲಿ ಒಳಭಾಗ ಧನವಾಗಿಬಿಡುತ್ತದೆ. ನರದಲ್ಲಿ ಓಡುವ ಸಂದೇಶವೆಂದರೆ ಇಷ್ಟೇ. ಸ್ಕ್ವಿಡ್ ಎಂಬ ಕಡಲಜೀವಿಯ ದಪ್ಪ ನರತಂತುವಿನಲ್ಲಿ ಇದನ್ನು ಅಳೆದು, 1952ರಲ್ಲಿ ಗಣಿತಕ್ಕೆ ಅಳವಡಿಸಿದ ಹಾಜ್‌ಕಿನ್ ಮತ್ತು ಹಕ್ಸ್‌ಲಿಯವರಿಗೆ 1963ರಲ್ಲಿ ನೊಬೆಲ್ ಪಾರಿತೋಷಕದಲ್ಲಿ ಪಾಲು ಬಂತು.

ಈ ಹೊಸ್ತಿಲನ್ನು ದಾಟದೆ ಮುಂದಿನ ಮನೆಯಿಲ್ಲ ಎಂದು ಪುಸ್ತಕ ಸ್ಪಷ್ಟವಾಗಿ ತೋರಿಸಿಕೊಡುತ್ತದೆ. "ಜೀವಶಾಸ್ತ್ರಕ್ಕೆ ಗಣಿತ ಏಕೆ?" ಎಂದು ಹತ್ತನೆಯ ತರಗತಿಯ ಬಳಿಕ ಮಕ್ಕಳಿಂದ ಗಣಿತ ಬಿಡಿಸುವ ತಂದೆತಾಯಂದಿರು ನಮ್ಮಲ್ಲಿ ಕಡಿಮೆಯಿಲ್ಲ. ಅವರು ಈ ಎರಡು ಅಧ್ಯಾಯಗಳನ್ನಾದರೂ ಒಮ್ಮೆ ತಿರುವಿಹಾಕಬೇಕು.

ಸಂಶೋಧಕರು ತಮ್ಮ ಶೋಧದ ಹಾದಿಯನ್ನು ತಾವೇ ಬರೆದಿರುವ ಪುಟಗಳು ಈ ಗ್ರಂಥದ ಇನ್ನೊಂದು ಗುಣ. ಪ್ರಾಣಿಗಳ ಮೇಲಿನ ಪ್ರಯೋಗದ ನೀತಿಯ ಪ್ರಶ್ನೆಯನ್ನು ಮೊದಲ ಅಧ್ಯಾಯದಲ್ಲಿಯೇ ಎತ್ತಿಕೊಂಡಿರುವುದೂ ಮೆಚ್ಚತಕ್ಕದ್ದು. ಅಹಿಂಸೆಯ ಸಂಸ್ಕಾರದ ಮನೆಗಳಿಂದ ಬಂದ ಮಕ್ಕಳಿಗೆ ಈ ಪ್ರಶ್ನೆ ಹೇಗೂ ಎದುರಾಗುತ್ತದೆ. ಮೂರನೆಯ ವರ್ಷದಲ್ಲಿ ಎದುರಾಗುವುದಕ್ಕಿಂತ ಮೊದಲ ವಾರದಲ್ಲಿ ಎದುರಾಗುವುದು ಒಳಿತು.

ಇನ್ನು ಕೊರತೆಗಳು. ಸಂಖ್ಯಾಶಾಸ್ತ್ರಕ್ಕೆ 25ರಲ್ಲಿ ಒಂದು ಅಧ್ಯಾಯವೂ ಇಲ್ಲ. ಜೀವಂತ ಮಿದುಳಿನ ಚಟುವಟಿಕೆಯನ್ನು ಬಣ್ಣಬಣ್ಣದ ಚಿತ್ರವಾಗಿ ತೋರಿಸುವ ಯಂತ್ರಗಳ ಈ ಕಾಲದಲ್ಲಿ ಇದು ಸಣ್ಣ ಲೋಪವಲ್ಲ. 2009ರಲ್ಲಿ ಅಮೆರಿಕದ ಕೆಲವರು ಅಂಥ ಯಂತ್ರದೊಳಗೆ ಸತ್ತ ಸಾಲ್ಮನ್ ಮೀನೊಂದನ್ನಿಟ್ಟು, ಅದಕ್ಕೆ ಮನುಷ್ಯರ ಚಿತ್ರಗಳನ್ನು 'ತೋರಿಸಿ'ದರು. ಸಾವಿರಾರು ಬಿಂದುಗಳನ್ನು ಒಟ್ಟಿಗೆ ಪರೀಕ್ಷಿಸುವಾಗ ಮಾಡಬೇಕಾದ ತಿದ್ದುಪಡಿಯನ್ನು ಕೈಬಿಟ್ಟಾಗ, ಆ ಸತ್ತ ಮೀನಿನ ಮಿದುಳೂ 'ಕೆಲಸ ಮಾಡುತ್ತಿರುವಂತೆ' ಕಂಡಿತು! ಇಂಥ ಎಚ್ಚರವನ್ನು ಕಲಿಸದಿದ್ದರೆ ವಿದ್ಯಾರ್ಥಿ ಚಿತ್ರವನ್ನು ನಂಬುವವನಾದಾನು, ಪ್ರಶ್ನಿಸುವವನಾಗಲಾರ. ಗ್ರಂಥದ ಮುಖ್ಯ ನಿರೂಪಣೆಯಲ್ಲಿ ಎಲ್ಲವೂ ಇತ್ಯರ್ಥವಾದಂತೆ ತೋರುವ ಕಡೆಗಳೂ ಉಂಟು.

ನನ್ನ ಮುಖ್ಯ ತಕರಾರು 20ನೆಯ ಅಧ್ಯಾಯದ ಬಗ್ಗೆ. ವಿಷಯ ಭಾಷೆ. 1861ರ ಬ್ರೋಕಾ, 1874ರ ವೆರ್ನಿಕೆ ಇವರಿಂದ ಹಿಡಿದು ವಿವರಣೆ ಸೊಗಸಾಗಿದೆ. ಒಂದಕ್ಕಿಂತ ಹೆಚ್ಚು ಭಾಷೆ ಬಲ್ಲವರ ವಿಚಾರಕ್ಕೆ ಮಾತ್ರ ಸಿಕ್ಕಿರುವುದು ಅಲ್ಪ ಜಾಗ. ಅಜ್ಜಿಯೊಡನೆ ಕನ್ನಡ, ಮೆಟ್ಟಿಲ ಮೇಲೆ ಮರಾಠಿ, ಲೋಕಲ್ ಗಾಡಿಯಲ್ಲಿ ಹಿಂದಿ, ತರಗತಿಯಲ್ಲಿ ಇಂಗ್ಲಿಷ್ ಆಡುವ ನಮ್ಮ ಮಕ್ಕಳು ಈ ಅಧ್ಯಾಯದಲ್ಲಿ ತಮ್ಮನ್ನು ಹುಡುಕಿದರೆ ಹೆಚ್ಚೇನೂ ದೊರೆಯದು.

ಇಂಥ ಪ್ರಶ್ನೆಯನ್ನು ಚೆನ್ನಾಗಿ ಕೇಳಿದವರು ನಮ್ಮವರೇ. ಹೈದರಾಬಾದಿನಲ್ಲಿ ಸುವರ್ಣಾ ಅಲ್ಲಾಡಿ ಮತ್ತು ಸಂಗಡಿಗರು ಮರೆವಿನ ಕಾಯಿಲೆಯ 648 ಮಂದಿಯ ದಾಖಲೆಗಳನ್ನು ಪರಿಶೀಲಿಸಿ 2013ರಲ್ಲಿ ಪ್ರಕಟಿಸಿದರು. ಒಂದೇ ಭಾಷೆ ಬಲ್ಲವರಿಗಿಂತ ಹೆಚ್ಚು ಭಾಷೆ ಬಲ್ಲವರಲ್ಲಿ ಕಾಯಿಲೆ ಕಾಣಿಸಿಕೊಂಡದ್ದು ಸುಮಾರು ನಾಲ್ಕೂವರೆ ವರ್ಷ ತಡವಾಗಿ. ಶಾಲೆಯ ಮುಖ ಕಾಣದವರಲ್ಲಿಯೂ ಈ ಅಂತರವಿದ್ದುದರಿಂದ, ಇದು ಬರಿಯ ವಿದ್ಯೆಯ ಫಲ ಎನ್ನುವಂತಿಲ್ಲ. ಹಾಗೆಂದು "ಕನ್ನಡ ಉಳಿಸಿಕೊಂಡರೆ ಮರೆವು ಬಾರದು" ಎಂದು ಸಂಘದ ವೇದಿಕೆಯಿಂದ ಸಾರುವುದೂ ಸಲ್ಲದು. ಬೇರೆಡೆಯ ಎಲ್ಲ ಅಧ್ಯಯನಗಳೂ ಇದೇ ಫಲ ಕೊಟ್ಟಿಲ್ಲ. ಎರಡು ಸಂಗತಿ ಒಟ್ಟಿಗಿದ್ದ ಮಾತ್ರಕ್ಕೆ ಒಂದು ಇನ್ನೊಂದಕ್ಕೆ ಕಾರಣವಾಗದು. ಆದರೂ ಹಲವು ಭಾಷೆಗಳ ನಡುವೆ ಬದುಕುವ ಊರಿನಲ್ಲಿ ಕುಳಿತವರಿಗೆ ಈ ಪ್ರಶ್ನೆಯನ್ನು ಹಿಡಿಯುವ ಅನುಕೂಲ ಹೆಚ್ಚು ಎಂಬುದಂತೂ ನಿಜ.

ನಮ್ಮ ಕೊಲಾಬಾದ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಒಬೈದ್ ಸಿದ್ದಿಕಿಯವರು 1970ರ ದಶಕದಲ್ಲಿ ಹಣ್ಣುನೊಣಗಳಲ್ಲಿ ನರಗಳ ಕೆಲಸವನ್ನು ಹುಡುಕಿದವರು. ಬಳಿಕ ಬೆಂಗಳೂರಿನಲ್ಲಿ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರವನ್ನು ಕಟ್ಟಿದರು. ದೊಡ್ಡ ಕೆಲಸ ಪರದೇಶದಲ್ಲಿಯೇ ಆಗಬೇಕೆಂಬ ನಿಯಮವೇನಿಲ್ಲ. ಪಠ್ಯಪುಸ್ತಕ ಮಾತ್ರ ಅಲ್ಲಿಂದ ಬರುತ್ತಿದೆ.

ಒಟ್ಟಿನಲ್ಲಿ ಗ್ರಂಥ ಉತ್ತಮವಾದದ್ದು; ಜೊತೆಗೊಂದು ಸಂಖ್ಯಾಶಾಸ್ತ್ರದ ಪುಸ್ತಕವಿದ್ದರೆ ಮೊದಲ ವರ್ಷಕ್ಕೆ ಸಾಕು. ಬೆಲೆ ಎಲ್ಲ ಮನೆಗಳಿಗೂ ಎಟುಕುವಂಥದಲ್ಲವಾದ್ದರಿಂದ ಸಂಘದ ವಾಚನಾಲಯ ಒಂದು ಪ್ರತಿ ತರಿಸಿದರೆ ಉಪಕಾರವಾದೀತು. ಮಗುವಿಗೆ ನನ್ನ ಸಲಹೆ ಇಷ್ಟೆ: ಮೂರನೆಯ ಅಧ್ಯಾಯವನ್ನು ಒಂದು ರಜೆಯಲ್ಲಿ ತಾನಾಗಿ ಓದಲಿ, ಆಮೇಲೆ ಅದನ್ನು ಕನ್ನಡದಲ್ಲಿ ಅಜ್ಜಿಗೆ ವಿವರಿಸಲಿ. ಅಜ್ಜಿಗೆ ಅರ್ಥವಾಗಿ, ಮಗುವಿಗೂ ಬೇಸರವಾಗದಿದ್ದರೆ, ತಂದೆತಾಯಿ ಅರ್ಜಿಗೆ ಸಹಿ ಹಾಕಲು ಹಿಂಜರಿಯಬೇಕಿಲ್ಲ.