ಒತ್ತಕ್ಷರಕ್ಕೆ ಬೇಕಾದ ಜಾಗ

ಕನ್ನಡ ಪುಟವಿನ್ಯಾಸದ ಚರಿತ್ರೆಗೆ ಧರ್ಮಪ್ರಚಾರದ ಪರವಾನಗಿಯ ಜೊತೆ ಹಳೆಯ ನಂಟಿದೆ. ವ್ಯಾಪಾರಕ್ಕೆ ಕುತ್ತು ಬಂದೀತೆಂದು ಈಸ್ಟ್ ಇಂಡಿಯಾ ಕಂಪನಿ ಮಿಷನರಿಗಳನ್ನು ಬಹುಕಾಲ ದೂರವೇ ಇಟ್ಟಿತ್ತು. 1813ರ ಚಾರ್ಟರ್ ಕಾಯ್ದೆ ಅವರಿಗೆ ಬಾಗಿಲು ತೆರೆಯಿತು. 1833ರ ಕಾಯ್ದೆ ಬ್ರಿಟನ್ನಿನ ಹೊರಗಿನವರಿಗೂ ದಾರಿ ಮಾಡಿಕೊಟ್ಟಿತು. ಮರುವರ್ಷವೇ ಬಾಸೆಲ್ ಮಿಷನ್ನಿನವರು ಮಂಗಳೂರಿಗೆ ಬಂದರು. 1841ರಲ್ಲಿ ಅಲ್ಲಿ ಕಲ್ಲಚ್ಚಿನ ಮುದ್ರಣ ಶುರುವಾಯಿತು. 1843ರಲ್ಲಿ ಆ ಮಿಷನ್ನಿನ ಹರ್ಮನ್ ಮೋಗ್ಲಿಂಗ್ 'ಮಂಗಳೂರ ಸಮಾಚಾರ' ಪತ್ರಿಕೆ ಹೊರಡಿಸಿದ.

ಮತಪ್ರಚಾರಕ್ಕೆಂದು ಬಂದ ಆ ಅಚ್ಚಿನ ಕಲ್ಲು ಪರಮತದ ಗ್ರಂಥಗಳನ್ನೂ ಅಚ್ಚು ಹಾಕಿತು ಎನ್ನುವುದೇ ಇಲ್ಲಿನ ಸೊಗಸು. ಮೋಗ್ಲಿಂಗನ 'ಬಿಬ್ಲಿಯೋಥೆಕಾ ಕರ್ನಾಟಿಕಾ' ಮಾಲೆಯಲ್ಲಿ ಬಸವಪುರಾಣ, ಜೈಮಿನಿ ಭಾರತ, ದಾಸರ ಪದಗಳು ಹೊರಬಂದವು. ಕಲ್ಲಚ್ಚಿಗೆ ಮೂಲ ಕೈಬರಹ; ಒತ್ತಕ್ಷರ ಎಷ್ಟು ಕೆಳಗಿಳಿದರೂ ಬರೆಯುವವನ ಕೈ ಜಾಗ ಹೊಂದಿಸುತ್ತಿತ್ತು. ಮೊಳೆಯಚ್ಚು ಬಂದ ಮೇಲೆ ಆ ಸಲೀಸು ತಪ್ಪಿತು.

ಕಂಪನಿಯ ಕಾಲದಲ್ಲಿ ಅನುಮತಿಯಾಗಿದ್ದ ಧರ್ಮಪ್ರಚಾರ 1950ರ ಸಂವಿಧಾನದಲ್ಲಿ ಹಕ್ಕಾಯಿತು. ಸಾರ್ವಜನಿಕ ಸುವ್ಯವಸ್ಥೆ, ನೈತಿಕತೆ, ಆರೋಗ್ಯಗಳಿಗೆ ಒಳಪಟ್ಟು, ಧರ್ಮವನ್ನು ನಂಬುವ, ಆಚರಿಸುವ, ಪ್ರಚಾರ ಮಾಡುವ ಸ್ವಾತಂತ್ರ್ಯವನ್ನು 25ನೇ ವಿಧಿ ಎಲ್ಲರಿಗೂ ಕೊಟ್ಟಿದೆ. ಪ್ರಚಾರದ ಹಕ್ಕಿನಲ್ಲಿ ಮತ್ತೊಬ್ಬರನ್ನು ಮತಾಂತರಿಸುವ ಹಕ್ಕು ಸೇರಿಲ್ಲವೆಂದು 1977ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು.

ಹಾಗೆ ಪ್ರಚಾರವಾಗುವ ಧರ್ಮಸಾಹಿತ್ಯ ಈಗ ಕಾಗದದಿಂದ ಪರದೆಗೂ ಬಂದಿದೆ; ವಚನ, ಕೀರ್ತನೆ, ಬೈಬಲ್, ಕುರ್‌ಆನ್ ಅನುವಾದ ಎಲ್ಲವೂ ಅಂಗೈಯಗಲದ ಮೊಬೈಲಿಗೆ ಇಳಿದಿವೆ. ಬಸ್ಸಿನಲ್ಲಿ ನಿಂತೇ ಓದುವವರಿದ್ದಾರೆ. 'ನುಡಿ', 'ಬರಹ' ತಂತ್ರಾಂಶಗಳ ಹಳೆಯ ಫಾಂಟುಗಳ ಕಾಲದಲ್ಲಿ ಓದುಗನ ಯಂತ್ರದಲ್ಲಿ ಅದೇ ಫಾಂಟ್ ಇರದಿದ್ದರೆ ಪುಟದ ತುಂಬ ಗೀಚು. ಯೂನಿಕೋಡ್ ಆ ಕಾಟ ತಪ್ಪಿಸಿತು. ಅದರಲ್ಲಿ ಕನ್ನಡಕ್ಕೆ 128 ಸ್ಥಾನಗಳು ಮೀಸಲು. ಒತ್ತಕ್ಷರಗಳಿಗೆ ಅಲ್ಲಿ ಪ್ರತ್ಯೇಕ ಸ್ಥಾನವಿಲ್ಲ. ವ್ಯಂಜನ, ಹಲಂತ ಚಿಹ್ನೆ, ಮತ್ತೆ ವ್ಯಂಜನ ಸಾಲಾಗಿ ಬಂದಾಗ ಒತ್ತನ್ನು ರೂಪಿಸುವುದು ಫಾಂಟಿನೊಳಗಿನ ನಿಯಮಗಳ ಕೆಲಸ.

ವಿನ್ಯಾಸಕಾರರು ಎಡವುವುದು ಸಾಲಿನ ಎತ್ತರದಲ್ಲಿ. ಇಂಗ್ಲಿಷಿಗೆ ಅಕ್ಷರದಳತೆಯ ಒಂದೂವರೆ ಪಟ್ಟು ಧಾರಾಳ. 'ಶಾಸ್ತ್ರ', 'ರಾಷ್ಟ್ರ'ದಂಥ ಪದಗಳಿಗೆ ಅದು ಸಾಲದು. ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಣಿತಕ್ಕೆ ತಾಗುತ್ತದೆ. 1.7 ಅಥವಾ 1.8 ಪಟ್ಟು ಕೊಟ್ಟರೆ ಕಣ್ಣಿಗೆ ಹಿತ. ಆಡುಮಾತಿಗೆ ಹತ್ತಿರದ ವಚನ ಇಕ್ಕಟ್ಟನ್ನು ಹೇಗೋ ಸಹಿಸೀತು, ಸಂಸ್ಕೃತ ಸ್ತೋತ್ರದ ಕನ್ನಡ ಲಿಪಿ ಸಹಿಸದು. ದಾಸರ ಪದದಲ್ಲಿ ಪಲ್ಲವಿ ಚರಣಗಳು ಬೇರೆಯಾಗಿ ಕಾಣಬೇಕು. ಬೈಬಲಿನ ವಚನಸಂಖ್ಯೆ ಓದಿಗೆ ಅಡ್ಡಬಾರದಷ್ಟು ಸಣ್ಣದಿರಬೇಕು. ಅರಬ್ಬಿ ಮೂಲದೊಡನೆ ಕನ್ನಡ ಅನುವಾದ ಕೊಡುವ ಪುಟದಲ್ಲಿ ಬಲದಿಂದ ಎಡಕ್ಕೆ ಹರಿಯುವ ಭಾಗವನ್ನು ಕೋಡಿನಲ್ಲೇ ಗುರುತಿಸಬೇಕು, ಇಲ್ಲವಾದರೆ ವಿರಾಮಚಿಹ್ನೆಗಳು ಸಾಲಿನ ತಪ್ಪು ತುದಿಗೆ ಹೋಗಿ ಕೂರುತ್ತವೆ.

ಒತ್ತಿ ಹೇಳಲು ಕನ್ನಡವನ್ನು ಓರೆಯಾಗಿಸುವ ಚಟ ಮಾತ್ರ ಯಾವ ಗ್ರಂಥಕ್ಕೂ ಬೇಡ. ಬಹುತೇಕ ಕನ್ನಡ ಫಾಂಟುಗಳಲ್ಲಿ ಓರೆ ರೂಪವೇ ಇಲ್ಲ. ಬ್ರೌಸರ್ ನೆಟ್ಟಗಿನ ಅಕ್ಷರವನ್ನೇ ಎಳೆದು ವಾಲಿಸುತ್ತದೆ. ದಪ್ಪಕ್ಷರವನ್ನು ಮಿತವಾಗಿ ಬಳಸಿದರೆ ಆ ಕೆಲಸ ನಡೆಯುತ್ತದೆ.