ಕತ್ತಲೆಯ ಲೆಕ್ಕ ಇಡುವ ಗ್ರಂಥಿ

ಮಿದುಳಿನ ನಡುವೆ ಅಕ್ಕಿಕಾಳಿನಷ್ಟೇ ಇರುವ ಪೀನಿಯಲ್ ಗ್ರಂಥಿಯ ಮುಖ್ಯ ಕಸುಬು, ರಾತ್ರಿಯಾಯಿತೆಂದು ಮೈಗೆಲ್ಲ ತಿಳಿಸುವುದು. ಅದಕ್ಕಾಗಿ ಅದು ಸೆರೊಟೋನಿನ್‌ನಿಂದ ಮೆಲಟೋನಿನ್ ತಯಾರಿಸುತ್ತದೆ. ಈ ಹಾರ್ಮೋನನ್ನು 1958ರಲ್ಲಿ ಆರನ್ ಲರ್ನರ್ ಬೇರ್ಪಡಿಸಿದರು. ಬೆಳಕಿನ ಸುದ್ದಿ ಕಣ್ಣಿನಿಂದ ಮಿದುಳಿನ ಹೈಪೋಥಲಾಮಸ್ ಭಾಗದಲ್ಲಿರುವ ಜೈವಿಕ ಗಡಿಯಾರಕ್ಕೆ ಹೋಗಿ, ಬೆನ್ನುಹುರಿಗಿಳಿದು, ಕತ್ತಿನ ನರಗಂಟಿನ ಮೂಲಕ ಮತ್ತೆ ಮೇಲೇರಿ ಗ್ರಂಥಿಯನ್ನು ಮುಟ್ಟುತ್ತದೆ. ರಾತ್ರಿ ಆ ನರಗಳು ನಾರ್‌ಅಡ್ರಿನಾಲಿನ್ ಒಸರಿಸಿದಾಗ ಉತ್ಪಾದನೆ ಏರುತ್ತದೆ; ಪ್ರಖರ ಬೆಳಕು ಬಿದ್ದರೆ ಬೇಗನೆ ಇಳಿಯುತ್ತದೆ. ಇಷ್ಟು ಸುತ್ತುದಾರಿಯಲ್ಲೂ ಕೆಲಸ ಇಷ್ಟು ಅಚ್ಚುಕಟ್ಟಾಗಿರುವುದೇ ಬೆರಗು.

ಗಡಿಯಾರ ಬೇರೆಡೆ ಇರುವಾಗ ಈ ಗ್ರಂಥಿಯ ಹೆಚ್ಚುಗಾರಿಕೆ ಏನೆಂದು ಕೇಳಬಹುದು. ಗಡಿಯಾರದ ಹೊತ್ತನ್ನು ರಕ್ತದ ಮೂಲಕ ಅಂಗಾಂಗಗಳಿಗೆ ಮುಟ್ಟಿಸುವುದು ಇದೇ. ಮೆಲಟೋನಿನ್ ತಿರುಗಿ ಗಡಿಯಾರವನ್ನೂ ತಿದ್ದುತ್ತದೆ. ಏನೂ ಕಾಣದ ಕೆಲವು ಅಂಧರಲ್ಲೂ ಬೆಳಕು ಮೆಲಟೋನಿನ್ ತಗ್ಗಿಸಿದ್ದನ್ನು 1995ರ ಅಧ್ಯಯನ ತೋರಿಸಿತು. ಅಂದರೆ ಈ ಏರ್ಪಾಡು ನೋಟವನ್ನೇ ನೆಚ್ಚಿಕೊಂಡಿಲ್ಲ. ದುಡಿದು ದಣಿದವರಿಗೆ ಹೇಗೂ ನಿದ್ದೆ ಬರುತ್ತದಲ್ಲ ಎನ್ನುವವರಿದ್ದಾರೆ. ದಣಿವು ನಿದ್ದೆಯ ಒತ್ತಡ ಹೆಚ್ಚಿಸುತ್ತದೆ ನಿಜ, ಆದರೆ ದೇಹಕ್ಕೆ ಹೊತ್ತು ತಿಳಿಸುವುದಿಲ್ಲ. ರಾತ್ರಿಪಾಳಿಯ ತ್ರೀ ಫೇಸ್ ಕರೆಂಟಿಗೆ ಕಾದು ಪಂಪ್‌ಸೆಟ್ ಚಾಲೂ ಮಾಡಿ, ಹಗಲು ಮಲಗುವ ರೈತನ ನಿದ್ದೆ ತುಂಡಾಗುವುದು ಅದಕ್ಕೇ. ಆದ್ದರಿಂದ ದುದ್ದದಂಥ ಹೋಬಳಿಗಳ ಹೊಲಗಳಿಗೆ ಹಗಲು ಕರೆಂಟು ಕೊಡುವುದು ಬರೀ ಅನುಕೂಲವಲ್ಲ, ಆರೋಗ್ಯದ ಪ್ರಶ್ನೆ.