ಮತ್ಸ್ಯವಿನೋದ ಪ್ರಕರಣ: ಒಂದು ವಿಮರ್ಶೆ

ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ವು ‘ಅಭಿಲಷಿತಾರ್ಥ ಚಿಂತಾಮಣಿ’ಯೆಂಬ ಹೆಸರಿನಿಂದಲೂ ವಿದ್ವಾಂಸರಿಗೆ ಪರಿಚಿತವಾದುದೇ ಆಗಿದೆ. ಐದು ವಿಂಶತಿಗಳಲ್ಲಿ ನೂರು ಅಧ್ಯಾಯಗಳಾಗಿ ಹರಡಿರುವ, 12ನೆಯ ಶತಮಾನದ ಈ ಸಂಸ್ಕೃತ ಗ್ರಂಥವನ್ನು ರಾಜನೀತಿ, ಪಾಕ, ಸಂಗೀತಗಳಿಗಾಗಿ ಓದಿದವರು ಬಹುಮಂದಿ. ನಾಲ್ಕನೆಯ ವಿಂಶತಿಯಲ್ಲಿರುವ ಮತ್ಸ್ಯವಿನೋದ ಪ್ರಕರಣದ ಕಡೆಗೆ ಕಣ್ಣು ಹೊರಳಿಸಿದವರು ವಿರಳ. ಪ್ರಾಣಿಶಾಸ್ತ್ರಜ್ಞರಾದ ಸುಂದರಲಾಲ್ ಹೋರಾ ಅವರು 1951ರಲ್ಲಿ ಏಷಿಯಾಟಿಕ್ ಸೊಸೈಟಿಯ ಪತ್ರಿಕೆಯಲ್ಲಿ ಇದನ್ನು ಬೆಳಕಿಗೆ ತಂದರು. 2005ರಲ್ಲಿ ಸಂಸ್ಕೃತ ವಿದುಷಿ ನಳಿನಿ ಸಾಧಲೆ ಅವರೂ ಸಸ್ಯರೋಗಶಾಸ್ತ್ರಜ್ಞರಾದ ವೈ. ಎಲ್. ನೆನೆ ಅವರೂ ಕೂಡಿ ಇದನ್ನು ಮತ್ತೆ ಪರಿಶೀಲಿಸಿದರು. ಶಬ್ದವನ್ನು ಬಲ್ಲವರೂ ಜೀವಶಾಸ್ತ್ರವನ್ನು ಬಲ್ಲವರೂ ಒಂದೇ ಪುಟದ ಮುಂದೆ ಕುಳಿತುಕೊಳ್ಳುವುದು ನಮ್ಮಲ್ಲಿ ಅಪರೂಪವಾದುದರಿಂದ ಈ ಪ್ರಯತ್ನವು ಸರ್ವಥಾ ಶ್ಲಾಘ್ಯವಾದುದು.

ಆದರೆ ಈ ಪ್ರಕರಣವನ್ನು ಪ್ರಾಚೀನರ ಮತ್ಸ್ಯಪಾಲನಶಾಸ್ತ್ರವೆಂದು ಕೊಂಡಾಡುವ ವಾಡಿಕೆಯು ಈಚೆಗೆ ಬೆಳೆಯುತ್ತಿರುವುದು ಯುಕ್ತವಲ್ಲ. ಹೋರಾ ಅವರು ಇದನ್ನು ಗಾಳದ ಬೇಟೆಯ ಅಧ್ಯಾಯವೆಂದೇ ಕರೆದರು. ಆ ಮಾತು ಸರಿಯಾದುದು. ಕಡಲಿನ ಮೀನು, ಹೊಳೆಯ ಮೀನು, ಪೊರೆಯುಳ್ಳದ್ದು, ಪೊರೆಯಿಲ್ಲದ್ದು ಎಂದು ಗ್ರಂಥಕಾರನು ವಿಂಗಡಿಸುವನು. ಯಾವುದಕ್ಕೆ ಹಿಟ್ಟಿನ ಉಂಡೆ, ಯಾವುದಕ್ಕೆ ಮಾಂಸ ಎಂಬುದನ್ನು ಹೇಳುವನು. ಈ ನಿರೀಕ್ಷಣೆ ಸೂಕ್ಷ್ಮವಾದುದೇ. ಆದರೂ ಉಣಿಸುವುದು ಮೀನಿನ ಬೆಳವಣಿಗೆಗಾಗಿ ಅಲ್ಲ, ಅದು ಮನುಷ್ಯನ ಅಂಜಿಕೆಯನ್ನು ಬಿಟ್ಟು ಗಾಳದ ಬಳಿಗೆ ಬರಲೆಂದು. ವಿನೋದದ ದೃಷ್ಟಿಯು ಮೀನನ್ನು ದಡಕ್ಕೆ ಎಳೆಯುವವರೆಗೆ ಮಾತ್ರ ಹಿಂಬಾಲಿಸುವುದು. ಅದರ ಬೇನೆ, ಅದರ ಸಂತತಿ ಈ ದೃಷ್ಟಿಗೆ ಬೀಳತಕ್ಕ ವಿಷಯಗಳಲ್ಲ.

ಎರಡನೆಯ ತೊಡಕು ಹೆಸರುಗಳದು. ಗ್ರಂಥದಲ್ಲಿ ‘ರೋಹಿತ’ವೆಂದು ಕಂಡೊಡನೆ ಅದನ್ನು ಇಂದಿನ ರೋಹು ಮೀನಿಗೆ ಕೂಡಿಸುವುದು ಸುಲಭ. ಆದರೆ ರೋಹುವಿನ ಹುಟ್ಟುನೆಲೆ ಗಂಗೆ, ಬ್ರಹ್ಮಪುತ್ರೆ, ಸಿಂಧುಗಳ ಬಯಲು. ದಕ್ಷಿಣದ ನದಿಗಳಿಗೆ ಅದು ಮನುಷ್ಯರ ಕೈಯಿಂದ 20ನೆಯ ಶತಮಾನದಲ್ಲಿ ಬಂದುದು. ಹೀಗಿರಲಾಗಿ, ಕೃಷ್ಣೆಯ ಸೀಮೆಯನ್ನಾಳಿದ ದೊರೆಯು ಯಾವ ರೋಹಿತವನ್ನು ಕಂಡನು? ಕೆಂಪು ಛಾಯೆಯ ಬೇರೊಂದು ಗೆಂಡೆಯನ್ನೋ, ಅಥವಾ ಕೋಶದಿಂದ ಎತ್ತಿಕೊಂಡ ಹೆಸರನ್ನೇ ಬರೆದನೋ? ‘ಪಾಠೀನ’ದ ಸಂಗತಿ ಬೇರೆ. ಅಮರಸಿಂಹನು ಅದಕ್ಕೆ ‘ಸಹಸ್ರದಂಷ್ಟ್ರ’ವೆಂಬ ಪರ್ಯಾಯವನ್ನು ಕೊಟ್ಟಿರುವನು, ಬಾಯಿತುಂಬ ಸಣ್ಣ ಹಲ್ಲುಗಳುಳ್ಳ ಬಾಳೆಮೀನು ಕೃಷ್ಣೆಯಲ್ಲಿ ಉಂಟು. ಇಲ್ಲಿ ಕೋಶವೂ ಹೊಳೆಯೂ ಒಂದನ್ನೊಂದು ಸಮರ್ಥಿಸುವುವು. ಇನ್ನುಳಿದ ಹಲವು ಹೆಸರುಗಳು ಸಂಸ್ಕೃತದ ವೇಷ ತೊಟ್ಟ ದೇಶ್ಯಗಳಂತೆ ತೋರುವುದರಿಂದ, ಅವುಗಳನ್ನು ಬಿಡಿಸಬೇಕಾದವರು ನದೀತೀರದ ಕನ್ನಡ, ತೆಲುಗು, ಮರಾಠಿಗಳನ್ನಾಡುವ ಬೆಸ್ತರು. ಮೇಲೆ ಹೇಳಿದ ಸಹಯೋಗದಲ್ಲಿ ಈ ಮೂರನೆಯ ಪಕ್ಷದ ಸ್ಥಾನ ಬರಿದಾಗಿಯೇ ಉಳಿದಿದೆ.

ಈ ಕೊರತೆಯು ಹಳೆಯ ಗ್ರಂಥದ ವ್ಯಾಸಂಗಕ್ಕೆ ಮಾತ್ರ ಸೇರಿದುದಲ್ಲ. ಮಂಗಳೂರಿನ ಮೀನುಗಾರಿಕಾ ಕಾಲೇಜಿನ ಸಂಶೋಧಕರು 1990ರ ದಶಕದಲ್ಲಿ ಗೆಂಡೆಮೀನುಗಳಿಗೆ ರಕ್ತಸ್ರಾವ, ಹುಣ್ಣುಗಳನ್ನು ತರುವ ಏರೊಮೊನಾಸ್ ಎಂಬ ಸೂಕ್ಷ್ಮಜೀವಿಯ ವಿರುದ್ಧ ಆಹಾರದಲ್ಲಿಯೇ ಬೆರೆಸಿ ಕೊಡತಕ್ಕ ಲಸಿಕೆಯೊಂದನ್ನು ಸಿದ್ಧಪಡಿಸಿದರು. ಜೀವಿಯನ್ನು ಕೈಟಿನ್ನಿನ ಚೂರುಗಳ ಮೇಲೆ ಅಂಟುಪದರವಾಗಿ ಬೆಳೆಯಿಸಿ, ಕಾಯಿಸಿ ಕೊಂದು, ಮೇವಿನಲ್ಲಿ ಕೂಡಿಸುವುದು ಇದರ ಕ್ರಮ. ಆ ಪದರದ ಕವಚದಿಂದ ಲಸಿಕೆಯು ಮುಂಗರುಳಿನಲ್ಲಿ ಕರಗಿಹೋಗದೆ ಹಿಂಗರುಳನ್ನು ಮುಟ್ಟುವುದು. ರೋಹು, ಕಾಟ್ಲಗಳಲ್ಲಿಯೂ ಇದರ ಪರೀಕ್ಷೆ ನಡೆಯಿತು. ಕಲ್ಯಾಣದಲ್ಲಿ ಗಾಳವನ್ನು ಮುಚ್ಚಿದ ಉಂಡೆಯು ಮಂಗಳೂರಿನಲ್ಲಿ ಔಷಧವನ್ನು ಹೊತ್ತಿತು. ಎರಡಕ್ಕೂ ಯಾವ ಮೀನು ಏನನ್ನು ತಿನ್ನುವುದೆಂಬ ಅರಿವೇ ಆಧಾರ. ಮೇವಿನಲ್ಲಿ ಅಪಾಯವೂ ಉಂಟು. ಶೇಂಗಾಹಿಂಡಿ, ತೌಡುಗಳನ್ನು ಮಿತಿಮೀರಿ ಸುರಿದರೆ ತಿನ್ನದೆ ಉಳಿದುದು ತಳದಲ್ಲಿ ಕೊಳೆತು, ಪ್ರಾಣವಾಯು ಕುಗ್ಗಿ, ಅಮೋನಿಯ ಹೆಚ್ಚಿ, ಬಲಗುಂದಿದ ಮೀನಿಗೆ ರೋಗ ತಗಲುವುದು. ಒಂದೆಡೆಯ ಮರಿಯನ್ನು ಇನ್ನೊಂದೆಡೆಗೆ ಸಾಗಿಸುವಾಗ ಬೇನೆಯೂ ಜೊತೆಯಲ್ಲಿ ಸಾಗುವುದುಂಟು.

ಈ ಸಂಗತಿಗಳು ಮುಟ್ಟಬೇಕಾದ ನೆಲವು ಸೋಮೇಶ್ವರನ ನಾಡಿನಲ್ಲಿಯೇ ಇದೆ. ಇಂದಿನ ಯಾದಗಿರಿ ಜಿಲ್ಲೆಯ ಕೊಡೇಕಲ್ಲು ಹಿಂದೆ ಚಾಲುಕ್ಯರ ಆಳ್ವಿಕೆಗೆ ಒಳಪಟ್ಟ ಸೀಮೆ. ಅದರ ಸಮೀಪದ ನಾರಾಯಣಪುರದಲ್ಲಿ ಕೃಷ್ಣೆಗೆ ಕಟ್ಟಿದ ಅಣೆಕಟ್ಟು 1982ರಲ್ಲಿ ಮುಗಿದು, ಹರಿಯುವ ಹೊಳೆಯು ಬಸವಸಾಗರವೆಂಬ ನಿಂತ ನೀರಾಯಿತು. ಅದೇ ಕೊಡೇಕಲ್ಲಿನ ಬಸವಣ್ಣನ ಪರಂಪರೆಯವರು ಕಾಲಜ್ಞಾನದ ಹೊತ್ತಗೆಗಳನ್ನು ಅಮರಗನ್ನಡವೆಂಬ ಗೂಢಲಿಪಿಯಲ್ಲಿ ಕಾಪಾಡಿಕೊಂಡು ಬಂದರು. ಸಂಪ್ರದಾಯಸ್ಥನಲ್ಲದವನಿಗೆ ಅದು ಓದಲು ಬಾರದು. ಮೀನಿನ ಆರೋಗ್ಯವನ್ನು ಕುರಿತ ಪ್ರಬಂಧಗಳು ಇಂಗ್ಲಿಷಿನಲ್ಲಿಯೇ ಪ್ರಕಟವಾಗುತ್ತಿರುವವರೆಗೆ ಅವು ಬಸವಸಾಗರದ ಬಲೆಗಾರನಿಗೆ ಮತ್ತೊಂದು ಅಮರಗನ್ನಡವೇ ಸರಿ. ಒಂದು ಭೇದವುಂಟು: ಪರಂಪರೆಯವರು ಬೇಕೆಂದೇ ಮರೆಮಾಡಿದರು, ಸಂಶೋಧಕರಿಗೆ ಅಂತಹ ಉದ್ದೇಶವಿಲ್ಲ. ಮೀನಿನ ಮೈಗೆ ಅಂಟಿ ರಕ್ತ ಹೀರುವ ಕ್ರಿಮಿಗೆ ‘ಮೀನು ಹೇನು’ ಎಂಬ ಮಾತು ಕನ್ನಡದಲ್ಲಿ ನಿಂತಿದೆ. ಲಸಿಕೆಯ ಅಂಟುಪದರಕ್ಕೆ ಅಂತಹ ಮಾತೊಂದು ಇನ್ನೂ ರೂಢಿಗೆ ಬರಬೇಕಾಗಿದೆ.

ಮತ್ಸ್ಯವಿನೋದಕ್ಕೆ ಸಟೀಕವಾದ ಕನ್ನಡ ಆವೃತ್ತಿಯನ್ನು ಸಿದ್ಧಪಡಿಸುವವರು ಇದರಿಂದ ಒಂದು ಕಾರ್ಯಕ್ರಮವನ್ನು ಗ್ರಹಿಸಬಹುದು. ಪ್ರತಿಯೊಂದು ಹೆಸರಿಗೂ ಕೋಶದ ಅರ್ಥ, ಮೀನಿನ ಲಕ್ಷಣ, ಕೃಷ್ಣಾತೀರದ ಆಡುಹೆಸರು ಈ ಮೂರನ್ನೂ ಪಕ್ಕಪಕ್ಕದಲ್ಲಿ ಕೊಡತಕ್ಕದ್ದು. ಮೂರೂ ಕೂಡದ ಕಡೆ ಹೆಸರನ್ನು ಹಾಗೆಯೇ ಬಿಡತಕ್ಕದ್ದು. ರೋಹಿತದ ವಿಷಯದಲ್ಲಂತೂ ಹೆಚ್ಚಿನ ಎಚ್ಚರಿಕೆ ಬೇಕು. ಕೃಷ್ಣೆಯ ಬಲೆಗೆ ಇಂದು ಬೀಳುವ ರೋಹು ಹೊರಗಿನಿಂದ ತಂದು ಬಿಟ್ಟ ಮರಿಗಳ ಸಂತತಿಯಾದುದರಿಂದ, ಸೋಮೇಶ್ವರನ ಶ್ಲೋಕಕ್ಕೆ ಅದನ್ನು ಸಾಕ್ಷಿಯಾಗಿ ಕರೆಯುವಂತಿಲ್ಲ.